ಕಾಬ್ ತರಲು ಹೋದವನು

ನನ್ನ ಗಂಡ ಚಿಮಾಲನಿಗೆ ನಮ್ಮ ಮಾತು ನೆಟ್ಟಗೆ ಬರುವುದಿಲ್ಲ ಎಂದು ತಿಬೊಲೋನಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕೇಳದಿದ್ದರೂ ಹೇಳುತ್ತಾರೆ, ನಮ್ಮೂರಿನವರಿಗೆ ಬಾಯಿ ಸುಮ್ಮನಿರುವುದಿಲ್ಲ. ಅವನು ಪಡುವಣ ಕಡಲಂಚಿನ ಕೆಸರುನಾಡಿನವನು. ನಾವು ಮೊದಲು ಇದ್ದ ಮಾಯಾಪಾನಿನ ದೊರೆ ತನ್ನ ಜನರನ್ನೇ ನಂಬದೆ ಕೋಟೆಬಾಗಿಲು ಕಾಯಲು ಹೊರಗಿನಿಂದ ಕರೆಸಿದ ಸಿಪಾಯಿಗಳಲ್ಲಿ ಒಬ್ಬ. ನಮ್ಮ ಮಾತಿನಲ್ಲಿ ಗಂಟಲೊಳಗೆ ಟಕ್ ಎನ್ನಿಸಬೇಕಾದ ಅಕ್ಷರಗಳಿವೆ. ಎಳೆದರೆ ಒಂದು, ಮೊಟಕಿದರೆ ಇನ್ನೊಂದು ಆಗುವ ಪದಗಳಿವೆ. ಕಾಬ್ ಎಂದು ಎಳೆದರೆ ಜೇನು. ಹುಳವೂ ಅದೇ, ತುಪ್ಪವೂ ಅದೇ. ಕಬ್ ಎಂದು ಮೊಟಕಿದರೆ ಮಣ್ಣು, ನೆಲ, ನಾವೆಲ್ಲ ನಿಂತಿರುವ ಈ ಲೋಕ. ಚಿಮಾಲನ ಬಾಯಲ್ಲಿ ಎರಡೂ ಒಂದೇ.

ಅವನು ನನ್ನನ್ನು ಕೇಳಿಕೊಂಡು ಮನೆಗೆ ಬಂದ ದಿನವೇ ಇದು ಬೀದಿಗೆಲ್ಲ ಗೊತ್ತಾಯಿತು. ತಾಯಿಯಿಲ್ಲದ ನನ್ನನ್ನು ಸಾಕಿದವಳು ದೊಡ್ಡಮ್ಮ, ಇಶ್ ಕೂಕ್. ಅವಳ ನಾಲಗೆಗೆ ಮೆಣಸಿನಕಾಯಿಯೂ ಹೆದರಬೇಕು. ಬಂದವನಿಗೆ ಎಲೆಯಲ್ಲಿ ಬೇಯಿಸಿದ ಜೋಳದ ಕಡುಬು ಕೊಟ್ಟು, ಜೊತೆಗೆ ಏನು ಹಾಕಲಿ ಎಂದು ಕೇಳಿದಳು.

"ಸ್ವಲ್ಪ ಕಬ್ ಹಾಕಿ, ಅತ್ತೆ," ಎಂದ.

ಇನ್ನೂ ಮಾತುಕತೆಯೇ ಆಗಿಲ್ಲ, ಆಗಲೇ ಅತ್ತೆ. ದೊಡ್ಡಮ್ಮ ಸದ್ದಿಲ್ಲದೆ ಎದ್ದು ಅಂಗಳಕ್ಕೆ ಹೋಗಿ ಒಂದು ಹಿಡಿ ಕೆಂಪು ಮಣ್ಣು ತಂದು ಕಡುಬಿನ ಪಕ್ಕ ಸುರಿದಳು. ಅವನು ಮಣ್ಣು ನೋಡಿದ, ನನ್ನನ್ನು ನೋಡಿದ. ಇದು ಇವರ ಮನೆಯ ಪದ್ಧತಿಯೋ ಏನೋ ಅಂದುಕೊಂಡು, ಕಡುಬನ್ನು ಅದರಲ್ಲಿ ಅದ್ದಿ ಅದ್ದಿ ತಿಂದು ಮುಗಿಸಿದ. ಪಕ್ಕದ ಮನೆಯ ಇಶ್ ಪೂಲ್ ಗೋಡೆಯ ಮೇಲಿಂದ ಇಣುಕುತ್ತಿದ್ದವಳು ನಕ್ಕೂ ನಕ್ಕೂ ಗೋಡೆಯ ಎರಡು ಕಲ್ಲು ಬೀಳಿಸಿದಳು. ಅಂದಿನಿಂದ ಅವನಿಗೆ ಮಣ್ಣು ತಿನ್ನೋನು ಎಂದೇ ಹೆಸರು.

"ಕೊಟ್ಟಿದ್ದನ್ನ ಉಸಿರೆತ್ತದೆ ತಿನ್ನೋ ಗಂಡು ಎಲ್ಲಿ ಸಿಗ್ತಾನೆ?" ಎಂದಳು ದೊಡ್ಡಮ್ಮ, ಆ ಸಂಜೆ. "ಹೂಂ ಅಂದ್ಬಿಡೆ."

ಅಂದುಬಿಟ್ಟೆ. ಮದುವೆಯಾದವನು ಕೆಲವು ವರ್ಷ ಹೆಣ್ಣಿನ ಮನೆಯಲ್ಲಿ ದುಡಿಯುವುದು ನಮ್ಮಲ್ಲಿ ಇದ್ದದ್ದೇ. ಚಿಮಾಲ ಮನೆ ಅಳಿಯನಾಗಿ ಬಂದವನು ಹಾಗೆಯೇ ಉಳಿದುಕೊಂಡ. ಹೋಗಲು ಅವನಿಗೆ ಇನ್ನೊಂದು ಮನೆಯೂ ಇರಲಿಲ್ಲ.

ಮಾಯಾಪಾನಿನ ಆ ಮನೆ ಈಗಲೂ ನನ್ನ ಕಣ್ಣಲ್ಲಿದೆ. ಸೊಂಟದೆತ್ತರದ ಕಲ್ಲುಗೋಡೆಗಳ ನಡುವೆ ಹಾವಿನಂತೆ ಸುತ್ತುವ ಓಣಿಗಳು, ಎದುರಿನಿಂದ ಹೊರೆ ಹೊತ್ತವನೊಬ್ಬ ಬಂದರೆ ನಾವು ಯಾರದೋ ಅಂಗಳಕ್ಕೆ ಇಳಿದು ದಾರಿ ಬಿಡಬೇಕು. ಅಂಗಳಕ್ಕೆ ಇಳಿದ ಮೇಲೆ ಮಾತಾಡಿಸದೆ ಹೋಗಲಾಗುತ್ತದೆಯೇ? ಹಾಗಾಗಿ ಬಾವಿಗೆ ಹೋದ ಹೆಂಗಸರು ಬೇಗ ಬಂದದ್ದೇ ಇಲ್ಲ. ಬೆಳಿಗ್ಗೆ ಗುಂಡುಗುಡಿಯ ಕಡೆಯಿಂದ ಧೂಪದ ಹೊಗೆ ಬರುತ್ತಿತ್ತು, ಅದರ ಹಿಂದೆಯೇ ಮನೆಮನೆಯಲ್ಲಿ ಸುಣ್ಣದ ನೀರಲ್ಲಿ ಜೋಳ ಬೇಯುವ ವಾಸನೆ. ಆ ಎರಡು ವಾಸನೆ ಸೇರಿದ ಗಾಳಿಯನ್ನು ನಾನು ಆಮೇಲೆ ಎಲ್ಲೂ ಉಸಿರಾಡಿಲ್ಲ.

ಹಿತ್ತಿಲಲ್ಲಿ ದೊಡ್ಡಮ್ಮನ ಜೇನುಚಪ್ಪರ. ಟೊಳ್ಳು ದಿಮ್ಮಿಗಳು ಒಂದರ ಮೇಲೊಂದು ಒರಗಿ ಮಲಗಿರುತ್ತಿದ್ದವು, ಎರಡೂ ತುದಿಗೆ ಕಲ್ಲಿನ ಬಿಲ್ಲೆ ಇಟ್ಟು ಮಣ್ಣು ಮೆತ್ತಿದ್ದು. ನಮ್ಮ ಜೇನು ಕುಟುಕುವುದಿಲ್ಲ. ದಿಮ್ಮಿಯ ನಡುವಿನ ತೂತಿನಲ್ಲಿ ಒಂದೇ ಒಂದು ಹುಳ ತಲೆ ಹೊರಗಿಟ್ಟುಕೊಂಡು ಬಾಗಿಲು ಕಾಯುತ್ತದೆ, ತನ್ನವರು ಬಂದರೆ ಹಿಂದೆ ಸರಿದು ಬಿಡುತ್ತದೆ. ಆ ತೂತಿನ ಸುತ್ತ ಹುಳಗಳೇ ಮಣ್ಣು ತಂದು ಸೂರ್ಯನ ಕಿರಣಗಳಂತೆ ಗೀರುಗೀರಾಗಿ ಮೆತ್ತುತ್ತವೆ. ದೊಡ್ಡಮ್ಮ ದಿನಾ ಬೆಳಿಗ್ಗೆ ಅಲ್ಲಿ ನಿಂತು ಬೀದಿಯ ಸುದ್ದಿಯನ್ನೆಲ್ಲ ಹುಳಗಳಿಗೆ ಹೇಳುತ್ತಿದ್ದಳು. ಯಾರಿಗೆ ಹೆರಿಗೆಯಾಯಿತು, ಯಾರು ಯಾರ ಮಾತು ಬಿಟ್ಟರು, ಎಲ್ಲ. ಆ ಹೊತ್ತಿಗೆ ಚಿಮಾಲ ಈಟಿ ಹಿಡಿದು ಕಾವಲಿಗೆ ಹೊರಟರೆ ಮುಗಿಯಿತು.

"ಅಳಿಯಂದಿರೇ, ಈ ಹುಳ ನೋಡಿ ಕಲಿ ಸ್ವಲ್ಪ. ಸಂಬಳ ಇಲ್ಲ, ಈಟಿ ಇಲ್ಲ, ಆದ್ರೂ ಬಾಗಿಲು ಬಿಟ್ಟು ಅಲ್ಲಾಡಲ್ಲ. ನೀನು ಬಾಗಿಲು ಕಾಯೋಕೆ ಬಂದೋನು ನಮ್ಮ ಹುಡುಗೀನ ಹೊಡ್ಕೊಂಡೆ."

"ಹೌದು ಅತ್ತೆ. ಕಬ್ ಒಳ್ಳೇದು, ನಾನು ಕೆಟ್ಟೋನು."

"ಕಬ್ ಅಲ್ಲಯ್ಯ, ಕಾಬ್. ಎಳಿ. ಹಗ್ಗ ಎಳ್ದಂಗೆ ಎಳಿ."

"ಕಬ್," ಎನ್ನುತ್ತಿದ್ದ ಅವನು ಶ್ರದ್ಧೆಯಿಂದ. ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಊರು ಬಿದ್ದದ್ದು ನನ್ನ ಮೊದಲ ಮಗು ಮೊಲೆ ಕುಡಿಯುತ್ತಿದ್ದಾಗ. ಕಾಲಚಕ್ರದ ಲೆಕ್ಕದಲ್ಲಿ ಅದು ಊರುಗಳು ಬೀಳುವ ಸುತ್ತು, ಹಿಂದೆ ಇದೇ ಸುತ್ತಿನಲ್ಲಿ ಇಂಥಿಂಥ ಪಟ್ಟಣಗಳು ಹಾಳಾಗಿವೆ ಎಂದು ಪೂಜಾರಿಗಳು ಮೊದಲಿನಿಂದಲೂ ಹೇಳುತ್ತಿದ್ದರು. ಹೇಳಿದವರೇ ಮೊದಲು ಓಡಿದರು, ಅದು ಬೇರೆ ಮಾತು. ಹಳೆಯ ಹಗೆ ಹೊತ್ತ ಬೆಟ್ಟದ ಸೀಮೆಯ ಮನೆತನದವರು ಒಂದು ಹಗಲು ದೊರೆಯ ಮನೆಗೆ ನುಗ್ಗಿ ಅವನನ್ನೂ ಮಕ್ಕಳನ್ನೂ ಕೊಂದರು. ವ್ಯಾಪಾರಕ್ಕೆಂದು ದೂರ ಹೋಗಿದ್ದ ಒಬ್ಬ ಮಗ ಮಾತ್ರ ಉಳಿದ. ನಾವು ದೊರೆಮನೆಯ ಒಕ್ಕಲು. ಚಿಮಾಲ ಬಾಗಿಲಿನಿಂದ ಓಡಿ ಬಂದು, ಈಗಲೇ ಹೊರಡಬೇಕು ಎಂದ.

ದೊಡ್ಡಮ್ಮ ಕದಲಲಿಲ್ಲ. "ನನ್ನ ಹುಳ ಬಿಟ್ಟು ನಾನು ಬರಲ್ಲ. ನೀವು ಹೋಗಿ."

ಚಿಮಾಲ ಎಂದರೆ ಅವನ ಕಡೆಯ ಮಾತಿನಲ್ಲಿ ಗುರಾಣಿ. ಆ ಗುರಾಣಿ ಎಂಬ ಹೆಸರಿನವನು ತನ್ನ ಗುರಾಣಿಯನ್ನು ಅಂಗಳದಲ್ಲಿ ಬಿಸಾಕಿ, ಒಂದು ಜೇನಿನ ದಿಮ್ಮಿಯನ್ನು ಬೆನ್ನಿಗೇರಿಸಿ, ಹೊರೆಪಟ್ಟಿಯನ್ನು ಹಣೆಗೆ ಕೊಟ್ಟುಕೊಂಡ. ಉಳಿದ ದಿಮ್ಮಿಗಳನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಇಶ್ ಪೂಲ್ ಗೋಡೆಯಾಚೆಯಿಂದ ಕೂಗಿ ಹೇಳಿದಳು. ಅವಳ ಗಂಡನದು ಬೆಟ್ಟದ ಸೀಮೆ, ಅವಳಿಗೆ ಭಯವಿರಲಿಲ್ಲ. ಹಾಗೆ ನಾವು ಹೊರಟೆವು. ಹಿಂದಿನಿಂದ ಯಾರಾದರೂ ಈಟಿ ಎಸೆದಿದ್ದರೆ ಅವನ ಬೆನ್ನಿಗೆ ಆ ದಿಮ್ಮಿಯೇ ಗತಿ.

ಬದುಕುಳಿದ ದೊರೆಮಗ ತಿಬೊಲೋನಿನಲ್ಲಿ ತನ್ನವರನ್ನೆಲ್ಲ ಕೂಡಿಸಿದ. ನಾವೂ ಬಂದು ಮನೆ ಕಟ್ಟಿದೆವು. ದೊಡ್ಡಮ್ಮ ಅದನ್ನು ಮನೆ ಎನ್ನಲಿಲ್ಲ, ಚಪ್ಪರ ಎಂದಳು. ಬಿದ್ದ ಊರು ಇನ್ನೊಂದು ಸುತ್ತಿಗೆ ಎದ್ದೇ ಏಳುತ್ತದೆ, ಅಲ್ಲಿಯವರೆಗೆ ಈ ಚಪ್ಪರ ಸಾಕು ಎನ್ನುವುದು ಅವಳ ಲೆಕ್ಕ. ಮಳೆಗಾಲಗಳು ಹೋದವು, ನನ್ನ ಮಕ್ಕಳಿಗೆ ಮಕ್ಕಳಾದವು. ಹೊತ್ತು ತಂದ ಒಂದು ದಿಮ್ಮಿಯ ಹುಳಗಳು ಹಿಸ್ಸೆಯಾಗಿ ಹಿಸ್ಸೆಯಾಗಿ ಹಿತ್ತಿಲ ಜೇನುಚಪ್ಪರ ತುಂಬಿದವು. ಅಷ್ಟಾದರೂ ಅವಳು ಅದರ ತುಪ್ಪ ನೆಕ್ಕಿ ಮುಖ ಕಿವುಚುತ್ತಿದ್ದಳು.

"ಇದೂ ಒಂದು ಕಾಬಾ? ಸಿಹಿನೀರು. ಅಲ್ಲಿ ಬಿಳಿ ಹೂವಿನ ಕಾಲದಲ್ಲಿ ಇಳಿಸಿದ ತುಪ್ಪ ನಾಲಿಗೆ ಮೇಲಿಟ್ರೆ ಸಂಜೆ ತನಕ ಇರ್ತಿತ್ತು."

"ಆ ಹೂವು ಇಲ್ಲೂ ಇದೆ, ಅತ್ತೆ. ಬೇಲಿ ತುಂಬಾ ಅದೇ," ಎಂದ ಚಿಮಾಲ ಒಮ್ಮೆ.

"ಹೂವಿನ ವಿಷಯ ಮಣ್ಣು ತಿನ್ನೋನು ಹೇಳ್ಬೇಕಾ ನನಗೆ?"

ಅವಳು ಮೊದಲಿನಂತೆ ನಗುವುದನ್ನು ಬಿಟ್ಟಿದ್ದಳು. ಬೈಯುತ್ತಿದ್ದಳು, ಬೇಕಾದಷ್ಟು ಬೈಯುತ್ತಿದ್ದಳು, ನಗು ಮಾತ್ರ ಆ ಊರಲ್ಲೇ ಉಳಿದಿತ್ತು. ಚಿಮಾಲ "ಕಬ್" ಎಂದಾಗ ಮಾತ್ರ ಒಂದಿಷ್ಟು ಹೊರಗೆ ಬರುತ್ತಿತ್ತು. ಎಷ್ಟು ವರ್ಷವಾದರೂ ಒಂದು ಪದ ಕಲಿಯದವನನ್ನು ಕಟ್ಟಿಕೊಂಡೆನಲ್ಲ ಎಂದು ನಾನೂ ಬಾವಿಕಟ್ಟೆಯಲ್ಲಿ ಹೇಳಿಕೊಂಡು ನಗುತ್ತಿದ್ದೆ.

ಹೋದ ಬೇಸಿಗೆಯಲ್ಲಿ ದೊಡ್ಡಮ್ಮ ಮಲಗಿದಳು. ಗಂಜಿ ಇಳಿಯುತ್ತಿರಲಿಲ್ಲ. ವೈದ್ಯ ಬಂದು ಧೂಪ ಹಾಕಿ, ಶಕುನಕ್ಕೆ ಕಾಳು ಎಸೆದು ನೋಡಿ, ನನ್ನನ್ನು ಹೊರಗೆ ಕರೆದು ತಲೆಯಾಡಿಸಿದ. ಒಳಗೆ ಹೋದರೆ ದೊಡ್ಡಮ್ಮ, "ಏನಂದ ಅಂತ ಹೇಳ್ಬೇಡ, ಅವನ ಮುಖ ನೋಡ್ದೆ," ಎಂದಳು. ಆಮೇಲೆ ಮಕ್ಕಳ ಹಾಗೆ ಮೆತ್ತಗೆ ಕೇಳಿದಳು.

"ಪೂಲ್ ಹತ್ರ ನನ್ನ ದಿಮ್ಮಿಗಳಿವೆ. ಒಂದು ಸೋರೆಬುರುಡೆ ಕಾಬ್ ತರಿಸ್ಕೊಡೇ. ಅದೊಂದು ನಾಲಿಗೆಗೆ ತಾಗ್ಲಿ, ಹೋಗ್ತೀನಿ. ಇಲ್ದೇ ಇದ್ರೆ ನಾನು ಹೋಗೋ ದಾರೀಲಿ ಯಾವ ಊರಿನವಳು ಅಂತ ಕೇಳಿದ್ರೆ ಏನ್ ತೋರಿಸ್ಲಿ?"

ನನ್ನ ಗಂಡುಮಕ್ಕಳಿಬ್ಬರೂ ನೆಲ ನೋಡಿದರು. ಒಬ್ಬನಿಗೆ ಬಿತ್ತನೆಗೆ ಮುಂಚೆ ಹೊಲ ಸುಡುವ ಕೆಲಸ, ಇನ್ನೊಬ್ಬನಿಗೆ ಕಾಲುನೋವು. ಬೆಟ್ಟದ ಸೀಮೆಯವರ ಕೈಗೆ ಸಿಕ್ಕರೆ ದೊರೆಮನೆಯ ಒಕ್ಕಲಿಗೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಮೂಲೆಯಲ್ಲಿ ಕುಳಿತಿದ್ದ ಚಿಮಾಲ ಎದ್ದ.

"ನಾನು ತರ್ತೀನಿ ಅತ್ತೆ, ಕಬ್."

ಅವನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದೆ. "ನಿನಗೇನು ತಲೆ ಕೆಟ್ಟಿದೆಯಾ? ಮೈಮೇಲೆ ಕಾವಲುಪಡೆ ಹಚ್ಚೆ ಇಟ್ಕೊಂಡು ಅಲ್ಲಿಗೆ ಹೋಗ್ತೀಯಾ? ನನಗೆ ಅವಳೂ ಬೇಕು, ನೀನೂ ಬೇಕು."

"ಹಚ್ಚೆಗೆ ವಯಸ್ಸಾಗಿದೆ, ನನ್ನ ಹಾಗೆ. ಯಾರೂ ಓದಲ್ಲ," ಎಂದ. ತೋಳಿಗೆ ಬಟ್ಟೆ ಸುತ್ತಿ, ಬೆನ್ನಿಗೆ ಒಂದಿಷ್ಟು ಉಪ್ಪು ಹೊತ್ತು, ಉಪ್ಪು ಮಾರುವವನ ವೇಷದಲ್ಲಿ ಹೊರಟ. ಬುರುಡೆಯನ್ನು ನಾನೇ ಅವನ ಸೊಂಟಕ್ಕೆ ಕಟ್ಟಿದೆ.

ಅವನು ಹೋದ ಮೇಲೆ ನಾನು ಮನೆಯಲ್ಲಿದ್ದೆನೋ ದಾರಿಯಲ್ಲಿದ್ದೆನೋ ನನಗೇ ತಿಳಿಯದು. ಜೋಳ ಬೇಯಿಸಲು ಇಟ್ಟು ಸುಣ್ಣ ಹಾಕುವುದನ್ನು ಮರೆತೆ, ಹಿಟ್ಟು ಮುದ್ದೆಯಾಗದೆ ಒಡೆಯಿತು. ದೊಡ್ಡಮ್ಮ ನನಗೇ ಸಮಾಧಾನ ಹೇಳಿದಳು. "ಬರ್ತಾನೆ ಬಿಡೇ. ಮಣ್ಣು ತಿಂದೋನಿಗೆ ಏನೂ ಆಗಲ್ಲ." ಅವಳು ಮಾತ್ರ ಅವನು ಬರುವವರೆಗೆ ಉಸಿರನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಮಾಯಾಪಾನಿನ ಮಾತು ಬಿಟ್ಟು ಬೇರೆ ಮಾತಿಲ್ಲ. ಪೂಲ್ ಈಗ ಎಷ್ಟು ಮುದುಕಿಯಾಗಿರಬಹುದು, ಬಾವಿಯ ಮೆಟ್ಟಿಲು ಇಳಿಯುತ್ತಾಳೋ ಇಲ್ಲವೋ, ಬಿದ್ದ ಆ ಎರಡು ಕಲ್ಲು ಗೋಡೆಗೆ ಮತ್ತೆ ಇಟ್ಟಳೋ ಇಲ್ಲವೋ.

ಅವನು ಬಂದದ್ದು ಒಂದು ಮಧ್ಯಾಹ್ನ, ಕುಂಟುತ್ತಾ. ಜೀವ ಬಂದಂತಾಯಿತು. ನೇರವಾಗಿ ದೊಡ್ಡಮ್ಮನ ಮಂಚದ ಹತ್ತಿರ ಹೋಗಿ ಕುಳಿತ. ಸೊಂಟದ ಬುರುಡೆಯನ್ನು ಮುಟ್ಟಲಿಲ್ಲ. ಬೆನ್ನಿನ ಗಂಟು ಇಳಿಸಿ, ಬಿಚ್ಚಿ, ಹರಡಿದ. ಒಳಗೆ ಮಣ್ಣು.

ದೊಡ್ಡಮ್ಮ ತಲೆ ಎತ್ತಿ ನೋಡಿದಳು.

"ಇದೇನಿದು?" ಎಂದಳು ದೊಡ್ಡಮ್ಮ.

"ಕಬ್, ಅತ್ತೆ. ನೀವು ಹೇಳಿದ್ರಲ್ಲ, ನಿಮ್ಮ ಮನೆ ಕಬ್ ತಗೊಂಡು ಬಾ ಅಂತ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಷ್ಟು ದೂರ ಪ್ರಾಣ ಒತ್ತೆಯಿಟ್ಟು ಹೋಗಿ, ಸಾಯುವವಳ ಕಡೆಯ ಆಸೆಯ ಬಾಯಿಗೆ ಮಣ್ಣು ಹಾಕಿದನಲ್ಲ ಎಂದು. ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮನ ಮಂಚ ಅಲುಗತೊಡಗಿತು. ಅವಳು ನಗುತ್ತಿದ್ದಳು. ಮೊದಲು ಸದ್ದಿಲ್ಲದೆ, ಆಮೇಲೆ ಕೆಮ್ಮುತ್ತಾ, ಕಣ್ಣೀರು ಒರೆಸಿಕೊಳ್ಳುತ್ತಾ, ಆ ಊರಿನ ಹಿತ್ತಿಲಲ್ಲಿ ನಗುತ್ತಿದ್ದ ಹಾಗೆ.

"ಅಯ್ಯೋ ನಿನ್ನ ಮನೆ ಕಾಯ್ವಾಗ. ಲೋ ದಡ್ಡ, ಕಾಬ್ ಕಣೋ. ಕಾಬ್. ಬುರುಡೆ ಯಾಕೆ ಕಟ್ಟಿದ್ಲು ನಿನ್ನ ಹೆಂಡ್ತಿ, ಮಣ್ಣು ಕುಡಿಯೋಕಾ?"

"ನೀರಿಗೆ ಅಂದ್ಕೊಂಡೆ," ಎಂದ ಅವನು ಪೆಚ್ಚುಮುಖ ಮಾಡಿಕೊಂಡು.

"ಪೂಲ್ ಸಿಕ್ಕಿದ್ಲಾ?"

"ಸಿಕ್ಕಿದ್ರು. ಚೆನ್ನಾಗಿದ್ದಾರೆ. ನಿಮ್ಮ ದಿಮ್ಮಿಗಳೂ ಚೆನ್ನಾಗಿವೆ, ಜಾಗ ಇಲ್ಲ ಅಷ್ಟು ಹುಳ. ಯಾವಾಗ ಬರ್ತಾಳೆ ನಿಮ್ಮತ್ತೆ ಅಂತ ಕೇಳಿದ್ರು."

ದೊಡ್ಡಮ್ಮ ಆ ಮಣ್ಣಿನೊಳಗೆ ಕೈ ಇಟ್ಟಳು. ಬೆರಳಲ್ಲಿ ಉಜ್ಜಿದಳು, ಮೂಸಿದಳು, ಒಂದು ಚಿಟಿಕೆ ನಾಲಗೆಯ ತುದಿಗೆ ಇಟ್ಟುಕೊಂಡಳು. "ಹೋಗಲಿ, ಇನ್ನೊಂದ್ ಸಲ ಹೋದಾಗ ನೆಟ್ಟಗೆ ತಗೊಂಡು ಬಾ," ಎಂದಳು ಕೊನೆಗೆ. "ಈಗ ಕಾಲಿಗೆ ಸೊಪ್ಪು ಕಟ್ಕೋ ಹೋಗು." ಅಂದು ಅವಳು ಅರ್ಧ ಬಟ್ಟಲು ಗಂಜಿ ಕುಡಿದಳು.

ಅವನು ಅತ್ತ ಹೋದ ಮೇಲೆ ನಾನು ಗೊಣಗಲು ಶುರುಮಾಡಿದೆ. ದೊಡ್ಡಮ್ಮ ನನ್ನ ಕೈ ಹಿಡಿದು ಎಳೆದು, ಅಂಗೈ ಮೇಲೆ ಒಂದು ಹೆಂಟೆ ಇಟ್ಟಳು.

"ಇದರ ಬಣ್ಣ ನೋಡು."

ನಮ್ಮ ಕಡೆಯ ಮಣ್ಣು ಕೆಂಪು. ಇದು ಕಪ್ಪಗಿತ್ತು, ಮೇಲೆ ಬಿಳಿಯ ಪೊರೆ.

"ಸುಣ್ಣದ ನೀರು ಚೆಲ್ಲಿ ಚೆಲ್ಲಿ ಆಗೋ ಬಿಳುಪು ಅದು. ನಮ್ಮ ಒಲೆ ಮೂರು ಕಲ್ಲಿನ ನಡುವಿನ ಮಣ್ಣು. ನಮ್ಮಮ್ಮ ಚೆಲ್ಲಿದ್ದು, ನಾನು ಚೆಲ್ಲಿದ್ದು. ನನ್ನ ಹೊಕ್ಕುಳಬಳ್ಳಿ ಹೂತಿರೋದು ಅಲ್ಲೇ." ಅವಳು ಉಸಿರು ತೆಗೆದುಕೊಂಡಳು. "ಜನ ಇರೋ ಮನೆ ಒಲೆ ಅಗೆಯೋಕೆ ಯಾರು ಬಿಡ್ತಾರೆ ಹೇಳು? ಪೂಲ್ ಇದ್ದಿದ್ರೆ ಅವನ ಕೈ ಮುರೀತಿದ್ಲು. ಅಲ್ಲಿ ಯಾರೂ ಇಲ್ಲ ಕಣೆ. ಮನೆ ಇಲ್ಲ, ಪೂಲ್ ಇಲ್ಲ, ನನ್ನ ಹುಳ ಇಲ್ಲ. ಏನೂ ಸಿಗ್ಲಿಲ್ಲ ಅವನಿಗೆ. ಅದಕ್ಕೇ ಹುಡುಕಿ ಹುಡುಕಿ ಇದನ್ನ ತಂದಿದಾನೆ."

"ಅವನಿಗೆ ಅಷ್ಟೆಲ್ಲ ಎಲ್ಲಿ ಹೊಳೀತದೆ ದೊಡ್ಡಮ್ಮ? ಕಬ್ ಅಂತ ಕೇಳಿಸ್ಕೊಂಡ, ಅಗೆದು ತಂದ."

"ದಡ್ಡಿ ನೀನು. ಅವನಿಗೆ ಕಾಬ್ ಅನ್ನೋಕೆ ಬರಲ್ಲ ಅಂದ್ಕೊಂಡಿದೀಯಾ? ನಾವು ಇಲ್ಲಿಗೆ ಬಂದ ವರ್ಷವೇ ಕೇಳಿಸ್ಕೊಂಡಿದೀನಿ. ಒಬ್ಬನೇ ಚಪ್ಪರದ ಹತ್ರ ನಿಂತು ಹುಳಗಳ ಜೊತೆ ಮಾತಾಡ್ತಾನೆ. ನಮ್ಮ ಪೂಜಾರಿಗೂ ಅಷ್ಟು ಚೆಂದ ಬರಲ್ಲ. ನಾನು ನಗೋದು ಅದೊಂದಕ್ಕೇ ಅಂತ ಅವನಿಗೆ ಗೊತ್ತು. ಅದಕ್ಕೇ ನನ್ನೆದುರು ಕಲೀಲೇ ಇಲ್ಲ."

ಒಂದೇ ಮಂಚದಲ್ಲಿ ಇಷ್ಟು ವರ್ಷ ಮಲಗಿದವಳಿಗೆ ಗೊತ್ತಿಲ್ಲದ್ದು ಇವಳಿಗೆ ಗೊತ್ತಿತ್ತು.

"ನನಗೆ ಗೊತ್ತಾಯ್ತು ಅಂತ ಅವನಿಗೆ ಹೇಳ್ಬೇಡ," ಎಂದಳು. "ಮುದುಕೀನ ಏಮಾರಿಸಿದೆ ಅಂತ ಖುಷಿಯಾಗಿರ್ಲಿ ಪಾಪ. ನಾನು ಹೋದ್ಮೇಲೆ ಬಾಯಿಗೆ ಜೋಳದ ಹಿಟ್ಟು ಇಡ್ತೀಯಲ್ಲ, ಅದರಲ್ಲಿ ಇದು ಒಂದ್ ಚಿಟಿಕೆ ಕಲಸು. ಮಿಕ್ಕಿದ್ದು ನಿನ್ನ ಒಲೆಗೆ ಹಾಕು. ನನ್ನನ್ನ ಎಲ್ಲಿಗೂ ಹೊತ್ಕೊಂಡು ಹೋಗ್ಬೇಡಿ. ಈ ಮನೇಲೇ ಹೂಳಿ."

ಮನೆ ಎಂದಳು. ಚಪ್ಪರ ಎನ್ನಲಿಲ್ಲ. ನಾನು ಅವಳ ಹೊಟ್ಟೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ, ಅವಳು ನನ್ನ ತಲೆಯ ಸಿಕ್ಕು ಬಿಡಿಸುತ್ತಾ ಮಲಗಿದ್ದಳು.

ಹೊಸ ಮಳೆ ಬೀಳುವ ಮೊದಲೇ ಹೋದಳು. ಹೇಳಿದಂತೆಯೇ ಹಿಟ್ಟಿಗೆ ಚಿಟಿಕೆ ಮಣ್ಣು ಕಲಸಿ, ಸತ್ತವರಿಗೆ ಇಡುವ ಹಸಿರು ಮಣಿಯ ಜೊತೆ ಬಾಯಿಗಿಟ್ಟೆ. ಒಲೆಯ ಪಕ್ಕದ ನೆಲದಡಿ ಹೂತೆವು. ಜೀವನವೆಲ್ಲ ಅವನನ್ನು ಮಣ್ಣು ತಿನ್ನೋನು ಎಂದವಳು ಕೊನೆಗೆ ತಾನೇ ಮಣ್ಣು ತಿಂದು ಹೋದಳು. ಅದನ್ನು ಅವಳಿಗೇ ಹೇಳಿ ನಗಬೇಕು ಅನ್ನಿಸಿ, ಹೇಳಲು ಅವಳಿಲ್ಲ ಎಂದು ಆಗ ನಿಜವಾಗಿ ತಿಳಿಯಿತು.

ಮಾರನೆಯ ಬೆಳಿಗ್ಗೆ ಜನ ಕರಗಿದ ಮೇಲೆ ಚಿಮಾಲ ಕಾಣಲಿಲ್ಲ. ಹಿತ್ತಿಲಿಗೆ ಹೋದೆ. ಅವನು ಬೆನ್ನು ತಿರುಗಿಸಿಕೊಂಡು ಜೇನುಚಪ್ಪರದ ಮುಂದೆ ನಿಂತಿದ್ದ. ಗಂಟು ಇಳಿಸಿದಾಗ ಚೆಲ್ಲಿದ ಒಂದಿಷ್ಟು ಕಪ್ಪು ಮಣ್ಣನ್ನು ಯಾರೋ ಗುಡಿಸಿ ಅಲ್ಲಿ ಹಾಕಿದ್ದರು. ಹುಳಗಳು ಅದನ್ನೇ ಹೊತ್ತು ಹೊತ್ತು, ಹಳೆಯ ದಿಮ್ಮಿಯ ಬಾಗಿಲಿನ ಸುತ್ತ ಕೆಂಪು ಗೀರುಗಳ ನಡುವೆ ಹೊಸ ಕಪ್ಪು ಗೀರು ಮೆತ್ತುತ್ತಿದ್ದವು. ಬಾಗಿಲು ಕಾಯುವ ಹುಳ ತಲೆ ಹೊರಗಿಟ್ಟು ಕೇಳುತ್ತಿತ್ತು. ಅವನು ಹೇಳುತ್ತಿದ್ದ.

"ಇಶ್ ಕೂಕ್ ಹೋದ್ರಮ್ಮ. ನೋವಿಲ್ದೇ ಹೋದ್ರು. ಇನ್ನು ಸುದ್ದಿ ಹೇಳೋಕೆ ನಾನೇ ಬರ್ತೀನಿ. ಅಲ್ಲಿ ನಿಮ್ಮೋರು ಯಾರೂ ಉಳಿದಿಲ್ಲ. ದಿಮ್ಮಿ ಎಲ್ಲ ಒಡೆದು ಇರುವೆ ತುಂಬಿದ್ವು. ಪೂಲಮ್ಮನ ಮನೆಗೆ ಸೂರೇ ಇರ್ಲಿಲ್ಲ, ಒಳಗೆ ಮರ ಬೆಳೆದಿತ್ತು. ಒಂದು ಹನಿ ಕಾಬ್ ಸಿಗ್ಲಿಲ್ಲ. ಅತ್ತೆಗೆ ನಾನು ಹೇಳ್ಲಿಲ್ಲ. ನೀವೂ ಹೇಳ್ಬೇಡಿ."

ಕಾಬ್. ಹಗ್ಗ ಎಳೆದಂತೆ ನಿಧಾನವಾಗಿ ಎಳೆದು, ಕೊನೆಗೆ ಮೆಲ್ಲಗೆ ಇಳಿಸಿದ. ಗಂಟಲಿನ ಅಕ್ಷರಗಳೆಲ್ಲ ಒಂದೂ ತಪ್ಪದೆ ಟಕ್ಕೆಂದವು. ಮಾಯಾಪಾನಿನ ನಮ್ಮ ಓಣಿಯಲ್ಲಿ ಮಾತಾಡುತ್ತಿದ್ದದ್ದು ಹೀಗೆಯೇ. ನನ್ನ ಮಕ್ಕಳು ಕೂಡ ಹೀಗೆ ಮಾತಾಡುವುದಿಲ್ಲ, ಅವರದು ಈ ಊರಿನ ಮಾತು. ಕಣ್ಣು ಮುಚ್ಚಿದರೆ ದೊಡ್ಡಮ್ಮನೇ ನಿಂತು ಹೇಳಿದಂತಿತ್ತು.

ನನ್ನ ಹೆಜ್ಜೆ ಸದ್ದಾಯಿತು. ಅವನು ಬೆಚ್ಚಿ ತಿರುಗಿದ.

"ಏನು? ಕಬ್ ಬೇಕಿತ್ತಾ?" ಎಂದ.

ಓಡಿಹೋಗಿ ಅವನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಎಲ್ಲ ಗೊತ್ತು ಕಣೋ, ಅವಳಿಗೂ ಗೊತ್ತಿತ್ತು ಎನ್ನಬೇಕು ಅನ್ನಿಸಿತು. ಹೇಳಬೇಡ ಎಂದಿದ್ದ ಅವಳ ಮಾತು ನೆನಪಾಯಿತು. ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತೆ, ದೊಡ್ಡಮ್ಮ ನಿಲ್ಲುತ್ತಿದ್ದ ಹಾಗೆ.

"ಕಬ್ ಅಲ್ಲಯ್ಯ, ಮಣ್ಣು ತಿನ್ನೋನೇ," ಎಂದೆ. "ಕಾಬ್. ಎಳಿ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಶ್ರದ್ಧೆಯಿಂದ ಬಾಯಿ ತೆರೆದ.

"ಕಬ್," ಎಂದ.